ಬರದ ನಾಡಿನ ಮೇಣ

ಕಬ್ಬಿನ ಜಲ್ಲೆಯನ್ನು ಕೈಯಲ್ಲಿ ಹಿಡಿದವರಿಗೆಲ್ಲ ಅದರ ಗೆಣ್ಣಿನ ಬಳಿ ಬೂದಿ ಬಳಿದಂತೆ ಕಾಣುವ ಬಿಳಿಯ ಪುಡಿಯ ಪರಿಚಯವಿದೆ. ಬೆರಳಿನಿಂದ ಉಜ್ಜಿದರೆ ಅದು ಅಳಿಸಿಹೋಗಿ ಜಲ್ಲೆಯ ನಿಜವಾದ ಬಣ್ಣ ಹೊರಬೀಳುತ್ತದೆ. ದ್ರಾಕ್ಷಿಯ ಮೇಲಿನ ಮಂಜು ಮುಸುಕಿದಂಥ ತೆಳುಪೊರೆ, ಎಲೆಕೋಸಿನ ಹೊರ ಎಲೆಗಳ ಬೂದುಬಣ್ಣ, ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವ ಸೊಗಸು, ಇವೆಲ್ಲವೂ ಒಂದೇ ವಸ್ತುವಿನ ಕೆಲಸ. ಅದು ಸಸ್ಯಮೇಣ. ತಾವರೆಯ ಎಲೆಗೆ ನೀರು ಅಂಟದಿರುವುದನ್ನು ನಮ್ಮ ಕವಿಗಳೂ ದಾರ್ಶನಿಕರೂ ನಿರ್ಲಿಪ್ತತೆಗೆ ಉಪಮೆಯಾಗಿ ಬಳಸುತ್ತ ಬಂದಿದ್ದಾರೆ. ಆ ನಿರ್ಲಿಪ್ತತೆಗೆ ಕಾರಣ ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಡಿಕೊಂಡಿರುವ ಮೇಣದ ಹರಳುಗಳು.

ಮೇಣವೆಂದೊಡನೆ ನಮಗೆ ನೆನಪಾಗುವುದು ಜೇನುಮೇಣ. ಆದರೆ ನೆಲದ ಮೇಲೆ ಬೆಳೆಯುವ ಹಸಿರು ಗಿಡಗಳೆಲ್ಲವೂ ಅಷ್ಟಿಷ್ಟು ಮೇಣವನ್ನು ತಯಾರಿಸುತ್ತವೆ. ಬೇರು ಕಷ್ಟಪಟ್ಟು ಹೀರಿ ತಂದ ನೀರನ್ನು ಬಿಸಿಲೂ ಗಾಳಿಯೂ ಕಸಿದುಕೊಂಡು ಹೋಗದಂತೆ ಎಲೆ ತನಗೆ ತಾನೇ ಹೊದೆದುಕೊಳ್ಳುವ ಹೊದಿಕೆ ಇದು. ಬಿಸಿಲು ಹೆಚ್ಚಾದಂತೆ, ನೀರು ಕಡಮೆಯಾದಂತೆ, ಹೊದಿಕೆ ಸಾಮಾನ್ಯವಾಗಿ ದಪ್ಪವಾಗುತ್ತದೆ. ಬಹುಪಾಲು ಗಿಡಗಳಲ್ಲಿ ಅದು ಎಷ್ಟು ತೆಳುವೆಂದರೆ ಅದನ್ನು ಕೂಡಿಹಾಕಿ ಮಾರುವ ಯೋಚನೆ ಯಾರಿಗೂ ಹೊಳೆಯುವುದಿಲ್ಲ. ಆದರೆ ಜಗತ್ತಿನ ಒಂದು ಮೂಲೆಯಲ್ಲಿ ಒಂದು ಮರ ಈ ಹೊದಿಕೆಯನ್ನು ಕೊಡವಿ ತೆಗೆಯುವಷ್ಟು ದಪ್ಪವಾಗಿ ಹೊದೆಯುತ್ತದೆ. ಅದರ ಮೇಣ ಇನ್ನೂರು ವರ್ಷಗಳಿಂದ ಜಗತ್ತಿನ ಮಾರುಕಟ್ಟೆಯಲ್ಲಿ ಸುತ್ತುತ್ತಿದೆ. ಆ ಮರದ ಹೆಸರು ಕಾರ್ನೌಬಾ. ಅದರ ನಾಡು ಬ್ರೆಜಿಲ್ ದೇಶದ ಈಶಾನ್ಯ ಭಾಗ.

ಬ್ರೆಜಿಲ್ ಎಂದರೆ ಅಮೆಜಾನ್ ನದಿ, ಬೆಳಕು ತೂರದ ಮಳೆಕಾಡು ಎಂಬುದು ನಮ್ಮ ಸಾಮಾನ್ಯ ಕಲ್ಪನೆ. ಈಶಾನ್ಯದ ಸೆಯಾರಾ, ಪಿಯಾವಿ, ರಿಯೊ ಗ್ರಾಂಡೆ ದೊ ನಾರ್ಟೆ ಎಂಬ ರಾಜ್ಯಗಳಿಗೆ ಹೋದರೆ ಆ ಕಲ್ಪನೆ ತಲೆಕೆಳಗಾಗುತ್ತದೆ. ಅಲ್ಲಿಯ ಒಳನಾಡಿಗೆ ಸೆರ್ಟಾವೊ ಎಂದು ಹೆಸರು. ವರ್ಷದ ಮೊದಲ ಕೆಲವು ತಿಂಗಳು ಮಳೆ. ಉಳಿದಂತೆ ಉರಿಬಿಸಿಲು, ಮುಳ್ಳುಪೊದೆ, ಬಿರುಕುಬಿಟ್ಟ ಕೆರೆ. ಮಳೆ ಬರಬೇಕಾದ ತಿಂಗಳಲ್ಲಿ ಬಾರದೆ ಹೋದರೆ ಇಡೀ ವರ್ಷವೇ ಹೋಯಿತು. ಚಿತ್ರದುರ್ಗ, ರಾಯಚೂರು ಸೀಮೆಗಳನ್ನು ಕಂಡವರಿಗೆ ಆ ನೋಟ ತೀರ ಅಪರಿಚಿತವೆನಿಸದು. ಅಲ್ಲಿಯ ನದಿಬಯಲುಗಳಲ್ಲಿ, ಮಳೆಗಾಲಕ್ಕೆ ನೀರು ನಿಂತು ಬೇಸಗೆಗೆ ಸೀಳುಬಿಡುವ ಜಿಗಟುಮಣ್ಣಿನಲ್ಲಿ, ಕಾರ್ನೌಬಾ ಮರಗಳು ಸಾಲಾಗಿ ನಿಂತಿರುತ್ತವೆ. ಸುತ್ತಲಿನದೆಲ್ಲ ಒಣಗಿ ಬೂದಿಬಣ್ಣಕ್ಕೆ ತಿರುಗಿದಾಗಲೂ ಅದು ಹಸಿರಾಗಿಯೇ ಉಳಿಯುತ್ತದೆ.

ಇದು ನಮ್ಮ ತಾಳೆಮರದ ಜಾತಿಗೆ ಸೇರಿದ ಮರ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಎಲೆಗಳು, ಮುಳ್ಳು ಸಾಲಿಟ್ಟ ತೊಟ್ಟುಗಳು, ಹತ್ತು ಹದಿನೈದು ಮೀಟರು ನೆಟ್ಟಗೆ ಏರುವ ಕಾಂಡ. ಸಸ್ಯಶಾಸ್ತ್ರಜ್ಞರು ಮೊದಲು ಇದನ್ನು ಕೋರಿಫಾ ಎಂಬ ಕುಲದಲ್ಲಿ ಸೇರಿಸಿದ್ದರು. ನಮ್ಮ ಹಳೆಯ ಓಲೆಗ್ರಂಥಗಳಿಗೆ ಗರಿಯನ್ನು ಕೊಟ್ಟ ಶ್ರೀತಾಳವೂ ಆ ಕುಲದ್ದೇ. ಅನಂತರ ಜರ್ಮನಿಯ ಪಂಡಿತ ಮಾರ್ಷಿಯಸ್ ಇದರ ಗುಂಪನ್ನು ಬೇರೆಯಾಗಿಸಿ, ಸೂರ್ಯನನ್ನು ವಿಶ್ವದ ನಡುವೆ ನಿಲ್ಲಿಸಿದ ಕೋಪರ್ನಿಕಸ್‌ನ ನೆನಪಿಗೆ ಕೋಪರ್ನಿಷಿಯಾ ಎಂದು ಹೆಸರಿಟ್ಟ. ಅಲ್ಲಿಯ ಜನ ಮಾತ್ರ ಇದನ್ನು ಜೀವವೃಕ್ಷವೆಂದು ಕರೆಯುತ್ತಾರೆ. ಕಾಂಡ ಮನೆಯ ತೊಲೆಗಾಗುತ್ತದೆ, ಎಲೆ ಮಾಡಿಗೆ, ಚಾಪೆಗೆ, ಟೋಪಿಗೆ, ಹಣ್ಣು ದನಕರುಗಳಿಗೆ. ಹೊಟ್ಟೆಗಿಲ್ಲದ ವರ್ಷಗಳಲ್ಲಿ ಎಳೆಯ ಮರದ ತಿರುಳನ್ನು ಜಜ್ಜಿ ಸಬ್ಬಕ್ಕಿಯಂಥ ಹಿಟ್ಟು ತೆಗೆದು ಜನ ಜೀವ ಹಿಡಿದುಕೊಂಡದ್ದೂ ಉಂಟು.

ಹೊರಜಗತ್ತಿಗೆ ಈ ಮೇಣ ಪರಿಚಯವಾದದ್ದರ ಹಿಂದೆ ರಾಜಕಾರಣದ ಒಂದು ತಿರುವು ಇದೆ. ನೆಪೋಲಿಯನ್ನನ ಸೈನ್ಯಕ್ಕೆ ಹೆದರಿದ ಪೋರ್ಚುಗಲ್‌ನ ಅರಸುಮನೆತನ 1808ರಲ್ಲಿ ಬ್ರೆಜಿಲ್ಲಿಗೆ ಬಂದು ನೆಲಸಿತು; ಅಲ್ಲಿಯವರೆಗೆ ಪರದೇಶದ ಹಡಗುಗಳಿಗೆ ಮುಚ್ಚಿದ್ದ ರೇವುಗಳು ತೆರೆದವು. ವ್ಯಾಪಾರಕ್ಕೆ ಯೋಗ್ಯವಾದ ಹೊಸ ಪದಾರ್ಥಗಳ ಹುಡುಕಾಟ ನಡೆಯಿತು. ಆಗ ರಿಯೊ ಡಿ ಜನೈರೊ ನಗರದಿಂದ ಅಲ್ಲಿಯ ಮಂತ್ರಿಯೊಬ್ಬರು ಈ ಮೇಣದ ಮಾದರಿಯನ್ನು ಇಂಗ್ಲೆಂಡಿನ ಲಾರ್ಡ್ ಗ್ರೆನ್‌ವಿಲ್‌ಗೆ ಕಳಿಸಿದರು. ಅದು ರಾಯಲ್ ಸೊಸೈಟಿಗೆ ಬಂದು, ವಿಲಿಯಂ ಥಾಮಸ್ ಬ್ರಾಂಡ್ ಎಂಬ ತರುಣ ರಸಾಯನಶಾಸ್ತ್ರಜ್ಞನ ಕೈ ಸೇರಿತು. ಅವನು ಅದನ್ನು ಕರಗಿಸಿ, ಉರಿಸಿ, ಬಿಳುಪಾಗಿಸಲು ಯತ್ನಿಸಿ, 1811ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದ. ಅವನ ಮುಂದಿದ್ದ ಪ್ರಶ್ನೆ ಸರಳವಾದುದು: ಜೇನುಮೇಣಕ್ಕೆ ಬದಲಾಗಿ ಇದರಿಂದ ಮೇಣದಬತ್ತಿ ಮಾಡಬಹುದೆ? ಮಾಡಬಹುದು, ಆದರೆ ಇದು ಬಲು ಪೆಡಸು. ಸ್ವಲ್ಪ ಕೊಬ್ಬು ಬೆರೆಸಿದರೆ ಹದಕ್ಕೆ ಬರುತ್ತದೆ ಎಂಬುದು ಅವನು ಕಂಡುಕೊಂಡ ಉತ್ತರ. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಸೆಯಾರಾದ ರೇವುಗಳಿಂದ ಮೇಣದ ಮೂಟೆಗಳು ಹಡಗು ಹತ್ತತೊಡಗಿದವು.

ಬ್ರಾಂಡ್ ದೋಷವೆಂದು ಕಂಡ ಆ ಪೆಡಸುತನವೇ ಮುಂದೆ ಇದರ ದೊಡ್ಡ ಗುಣವಾಯಿತು. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಕಾರ್ನೌಬಾ ಮೇಣ ಕರಗಲು 82ರಿಂದ 86 ಡಿಗ್ರಿ ಬೇಕು. ನೈಸರ್ಗಿಕ ಮೇಣಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಅಪರೂಪ. ಎಣ್ಣೆ ತುಪ್ಪಗಳಲ್ಲಿ ಗ್ಲಿಸರಿನ್ನಿಗೆ ಕೊಬ್ಬಿನ ಆಮ್ಲಗಳು ಅಂಟಿಕೊಂಡಿರುತ್ತವೆ. ಮೇಣದಲ್ಲಿ ಗ್ಲಿಸರಿನ್ನಿನ ಜಾಗದಲ್ಲಿ ಉದ್ದುದ್ದನೆಯ ಸರಪಣಿಯ ಆಲ್ಕೊಹಾಲುಗಳಿರುತ್ತವೆ. ಸರಪಣಿ ಉದ್ದವಾದಷ್ಟೂ ಅಣುಗಳು ಒತ್ತೊತ್ತಾಗಿ ಕೂಡುತ್ತವೆ, ಶಾಖಕ್ಕೆ ಬೇಗ ಸಡಿಲವಾಗುವುದಿಲ್ಲ. ಇದು ನೀರಿನಲ್ಲಿ ಕರಗದು, ಎಣ್ಣೆಯಂತೆ ಬೇಗ ಕಮಟುಹಿಡಿಯದು. ಮೃದುವಾದ ಬೇರೆ ಮೇಣಕ್ಕೆ ಇದನ್ನು ತುಸು ಸೇರಿಸಿದರೆ ಅದೂ ಗಟ್ಟಿಯಾಗುತ್ತದೆ. ದ್ರಾವಕದಲ್ಲಿ ಕಲಸಿ ತೊಗಲಿಗೆ ಹಚ್ಚಿದರೆ ದ್ರಾವಕ ಆರಿಹೋಗಿ, ತೊಗಲಿನ ಸಣ್ಣ ಗೀರುಗಳೆಲ್ಲ ತುಂಬಿ, ತೆಳ್ಳನೆಯ ಗಟ್ಟಿ ಪೊರೆಯೊಂದು ನಿಲ್ಲುತ್ತದೆ. ಬಟ್ಟೆಯಿಂದ ಉಜ್ಜಿದಾಗ ಆ ಪೊರೆ ಸಮತಲವಾಗುತ್ತದೆ; ಚೆದುರಿಹೋಗುತ್ತಿದ್ದ ಬೆಳಕು ನೇರವಾಗಿ ಮರಳುತ್ತದೆ. ನಾವು ಹೊಳಪು ಎನ್ನುವುದು ಇದನ್ನೇ.

ಹೀಗೆ ಬತ್ತಿಯಿಂದ ಆರಂಭವಾದ ಇದರ ಯಾತ್ರೆ ಬೂಟಿನ ಪಾಲಿಷಿಗೆ, ಮರದ ನೆಲಕ್ಕೆ, ಪೀಠೋಪಕರಣಗಳಿಗೆ, ಮೋಟಾರು ಗಾಡಿಗಳಿಗೆ ಹರಡಿತು. ಬೆರಳಚ್ಚು ಯಂತ್ರಗಳ ಕಾಲದಲ್ಲಿ ಕಚೇರಿ ಕಚೇರಿಯಲ್ಲೂ ಬಳಕೆಯಲ್ಲಿದ್ದ ಕಾರ್ಬನ್ ಕಾಗದದ ಮಸಿ ಕೈಗೆ ಮೆತ್ತದೆ ಕಾಗದಕ್ಕಷ್ಟೇ ಅಂಟುವಂತೆ ಮಾಡಿದ ಮೇಣಗಳಲ್ಲಿ ಇದು ಮುಖ್ಯವಾದದ್ದು. ಧ್ವನಿಮುದ್ರಣದ ಆರಂಭದ ದಶಕಗಳಲ್ಲಿ ಮನುಷ್ಯನ ಕಂಠವನ್ನು ಹಿಡಿದಿಡಲು ಮಾಡುತ್ತಿದ್ದ ಮಿಶ್ರಣಗಳಲ್ಲಿಯೂ ಇದಕ್ಕೆ ಪಾಲಿತ್ತು. ಇಂದು ಔಷಧದ ಗುಳಿಗೆಯ ನುಣುಪು, ಮಕ್ಕಳ ಮಿಠಾಯಿಯ ಮಿರುಗು, ದೂರದೂರಿನಿಂದ ಬಂದ ಸೇಬುಹಣ್ಣಿನ ಥಳಕು, ತುಟಿಗೆ ಹಚ್ಚುವ ಬಣ್ಣದ ಗಡಸು, ಇವುಗಳಲ್ಲಿ ಅನೇಕ ವೇಳೆ ಇರುವುದು ಇದೇ ಮೇಣ. ತಿನಿಸಿನ ಪೊಟ್ಟಣದ ಮೇಲೆ 903 ಎಂಬ ಸಂಖ್ಯೆ ಕಂಡರೆ ಅದು ಕಾರ್ನೌಬಾ ಎಂದು ತಿಳಿಯಬಹುದು. ಅದರ ಬಹುಪಾಲು ನಮ್ಮ ದೇಹಕ್ಕೆ ಜೀರ್ಣವಾಗದೆ ಬಂದಂತೆಯೇ ಹೊರಟುಹೋಗುತ್ತದೆ.

ಇಷ್ಟು ಬೆಲೆಬಾಳುವ ಮರವನ್ನು ಬೇರೆ ದೇಶಗಳವರು ಕದ್ದೊಯ್ಯಲಿಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಏಕೆಂದರೆ ಬ್ರೆಜಿಲ್ಲಿನ ಇನ್ನೊಂದು ಮರದ ಕಥೆ ನಮಗೆ ಗೊತ್ತಿದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಅಮೆಜಾನಿನಿಂದ ರಬ್ಬರಿನ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿಂದ ಸಸಿಗಳು ಸಿಂಹಳಕ್ಕೆ, ಮಲಯಕ್ಕೆ ಹೋದವು. ಕೆಲವು ದಶಕಗಳಲ್ಲಿ ಬ್ರೆಜಿಲ್ಲಿನ ರಬ್ಬರ್ ವ್ಯಾಪಾರ ನೆಲಕಚ್ಚಿತು. ಇಂದು ನಮ್ಮ ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಹಾಲು ಸುರಿಸುವ ರಬ್ಬರೂ ಆ ವಂಶದ್ದೇ. ಕಾರ್ನೌಬಾ ಮರವನ್ನೂ ಬೇರೆಡೆ ನೆಟ್ಟರೆ ಅದು ಬೆಳೆಯುತ್ತದೆ. ಆದರೆ ಲಾಭಕ್ಕೆ ತಕ್ಕಷ್ಟು ಮೇಣವನ್ನು ಮಾತ್ರ ಕೊಡುವುದಿಲ್ಲ. ಮೇಣ ಹುಟ್ಟುವುದು ಆ ನೆಲದ ದೀರ್ಘವಾದ, ಕ್ರೂರವಾದ ಒಣಗಾಲದಿಂದ. ಬೀಜವನ್ನು ಸಂಚಿಯಲ್ಲಿ ತುಂಬಿ ಒಯ್ಯಬಹುದು, ಬರವನ್ನು ಒಯ್ಯಲಾಗದು. ಹಾಗಾಗಿ ಈ ಮೇಣ ಇಂದಿಗೂ ಬ್ರೆಜಿಲ್ಲಿನ ಈಶಾನ್ಯ ಮೂಲೆಯೊಂದರದೇ ಸೊತ್ತು.

ಆ ಬರವೆಂಥದು ಎಂಬುದನ್ನು ತಿಳಿಯಲು 1877ರಿಂದ 1879ರವರೆಗಿನ ಮೂರು ವರ್ಷಗಳನ್ನು ನೋಡಬೇಕು. ಬ್ರೆಜಿಲ್ಲಿನ ಚರಿತ್ರೆಯಲ್ಲಿ ಅದಕ್ಕೆ ಮಹಾಬರವೆಂದೇ ಹೆಸರು. ಸೆಯಾರಾದ ಒಳನಾಡು ಬರಿದಾಗಿ, ಜನ ಗುಂಪುಗುಂಪಾಗಿ ಕಡಲತಡಿಗೆ ನಡೆದು ಬಂದರು. ರಾಜಧಾನಿ ಫೋರ್ಟಲೆಜಾದ ಹೊರವಲಯದಲ್ಲಿ ಗುಡಿಸಲುಗಳ ಊರೇ ಎದ್ದಿತು. ಹಸಿವಿನ ಬೆನ್ನಿಗೆ ಸಿಡುಬು ಬಂತು. 1878ರ ಡಿಸೆಂಬರ್ 10ನೆಯ ದಿನಾಂಕವನ್ನು ಆ ಊರು ಸಾವಿರ ಹೆಣಗಳ ದಿನವೆಂದು ನೆನಪಿಟ್ಟುಕೊಂಡಿದೆ. ಒಟ್ಟು ಸತ್ತವರ ಸಂಖ್ಯೆ ಲಕ್ಷಗಳಲ್ಲಿ.

ಇದೇ ಕಾಲ ನಮ್ಮ ನಾಡಿಗೂ ಮರೆಯಬಾರದ ಕಾಲ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟದ್ದು ಧಾತು ಈಶ್ವರ ಸಂವತ್ಸರಗಳ ಕ್ಷಾಮ. ನಮ್ಮಲ್ಲಿಯೂ ಲಕ್ಷಾಂತರ ಜನ ಅಳಿದರು, ಊರುಗಳೇ ಬರಿದಾದವು. ಭೂಗೋಲದ ಎರಡು ಬದಿಗಳಲ್ಲಿದ್ದ ಈ ಎರಡು ಬರಗಳು ಕಾಕತಾಳೀಯವಲ್ಲ. ಶಾಂತಸಾಗರದ ನೀರು ಅಂದು ಅಸಾಧಾರಣವಾಗಿ ಬಿಸಿಯೇರಿತ್ತು. ಇಂದಿನ ವಿಜ್ಞಾನ ಅದನ್ನು ಎಲ್ ನಿನೊ ಎಂದು ಕರೆಯುತ್ತದೆ. ಆ ಬಿಸಿಯಿಂದ ವಾಯುಮಂಡಲದ ಏರಿಳಿತಗಳು ಸ್ಥಾನ ಬದಲಿಸಿ, ಒಂದು ಕಡೆ ನಮ್ಮ ಮುಂಗಾರು ಸೊರಗಿತು, ಇನ್ನೊಂದು ಕಡೆ ಸೆಯಾರಾದ ಮಳೆ ತಪ್ಪಿತು. ಬರಪೀಡಿತರ ಕೈಯಿಂದ ರೈಲುದಾರಿಯ ಕೆಲಸ ಮಾಡಿಸುವ ಉಪಾಯವೂ ಎರಡು ಕಡೆಯೂ ಒಂದೇ ಆಗಿತ್ತು. ಮೈಸೂರು ಬೆಂಗಳೂರುಗಳ ನಡುವಣ ಹಳಿ ಕ್ಷಾಮಪರಿಹಾರದ ಕಾಮಗಾರಿಯಾಗಿ ಮೊದಲಾದಂತೆ, ಸೆಯಾರಾದ ಬಾತುರಿಟೆ ರೈಲುದಾರಿಗೂ ಹಸಿದವರೇ ಮಣ್ಣು ಹೊತ್ತರು. ಒಬ್ಬರ ಹೆಸರನ್ನು ಒಬ್ಬರು ಕೇಳದಿದ್ದ ಎರಡು ನಾಡುಗಳ ಜನ ಒಂದೇ ಕಡಲಿನ ಕಾವಿಗೆ ಹೀಗೆ ಒಟ್ಟಿಗೆ ಬಾಡಿದರು.

ಸೆಯಾರಾದಲ್ಲಿ ಉಳಿದವರ ಮುಂದಿದ್ದ ದಾರಿಗಳು ಕೆಲವೇ. ಸಾವಿರಾರು ಮಂದಿ ಅಮೆಜಾನಿಗೆ ಹೋಗಿ ರಬ್ಬರಿನ ಹಾಲು ಇಳಿಸುವ ಕೂಲಿಗಳಾಗಿ ಸಾಲದ ಸುಳಿಗೆ ಸಿಕ್ಕಿದರು. ಹಣದ ಕಷ್ಟಕ್ಕೆ ಒಡೆಯರು ತಮ್ಮಲ್ಲಿದ್ದ ಗುಲಾಮರನ್ನು ದಕ್ಷಿಣದ ಕಾಫಿ ತೋಟಗಳಿಗೆ ಮಾರತೊಡಗಿದರು. ಆದರೆ ಇದೇ ನೆಲದಿಂದ ಒಂದು ದೊಡ್ಡ ಕಾರ್ಯವೂ ನಡೆಯಿತು. 1881ರಲ್ಲಿ ಫೋರ್ಟಲೆಜಾದ ತೆಪ್ಪಗಾರರು ಗುಲಾಮರನ್ನು ದಡದಿಂದ ಹಡಗಿಗೆ ಸಾಗಿಸುವುದಿಲ್ಲವೆಂದು ನಿರಾಕರಿಸಿ ನಿಂತರು. ಅವರ ಮುಂದಾಳು ಫ್ರಾನ್ಸಿಸ್ಕೊ ಜೋಸೆ ದೊ ನಾಸಿಮೆಂಟೊ. ಜನ ಅವನನ್ನು ಕಡಲಿನ ಡ್ರಾಗನ್ ಎಂದು ಕೊಂಡಾಡಿದರು. 1884ರ ಮಾರ್ಚ್ 25ರಂದು ಸೆಯಾರಾ ತನ್ನ ನೆಲದಲ್ಲಿ ಗುಲಾಮಗಿರಿಯನ್ನು ತೊಡೆದುಹಾಕಿತು. ಇಡೀ ಬ್ರೆಜಿಲ್ ಆ ಹೆಜ್ಜೆ ಇಡಲು 1888ರವರೆಗೆ ಕಾಯಬೇಕಾಯಿತು. ಕಾರ್ನೌಬಾದ ಕಥೆಯಲ್ಲಿ ಈ ಸಂಗತಿಯನ್ನು ಏಕೆ ಹೇಳಬೇಕಾಯಿತೆಂಬುದು ಮುಂದೆ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧ ಈ ಮೇಣದ ಸುವರ್ಣಕಾಲ. ಅಮೆರಿಕದಲ್ಲಿ ನೆಲಕ್ಕೆ ಹಚ್ಚುವ ಪಾಲಿಷನ್ನು ಮಾಡುತ್ತಿದ್ದ ಜಾನ್ಸನ್ ಕಂಪನಿಯ ಯಜಮಾನ ಹರ್ಬರ್ಟ್ ಜಾನ್ಸನ್, ತನ್ನ ಉದ್ಯಮಕ್ಕೆ ಬೇಕಾದ ಮೇಣ ಮುಂದೆಯೂ ದೊರೆಯುವುದೆ ಎಂಬುದನ್ನು ಕಣ್ಣಾರೆ ನೋಡಲು 1935ರಲ್ಲಿ ನೀರಿನ ಮೇಲೂ ಇಳಿಯಬಲ್ಲ ಸಿಕೊರ್ಸ್ಕಿ ವಿಮಾನದಲ್ಲಿ ವಿಸ್ಕಾನ್ಸಿನ್ ರಾಜ್ಯದಿಂದ ಫೋರ್ಟಲೆಜಾಕ್ಕೆ ಹಾರಿದ. 1998ರಲ್ಲಿ ಅವನ ಮಗ ಸ್ಯಾಮ್ ಜಾನ್ಸನ್ ಅಂಥದೇ ವಿಮಾನವೊಂದನ್ನು ಕಟ್ಟಿಸಿ ತಂದೆಯ ಹಾದಿಯಲ್ಲೇ ಮತ್ತೆ ಹೋಗಿಬಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೇಣದ ಬೆಲೆ ಏರಿತು. ಪಿಯಾವಿ, ಸೆಯಾರಾ ರಾಜ್ಯಗಳ ಬೊಕ್ಕಸಕ್ಕೆ ಇದೇ ಮುಖ್ಯ ಆಸರೆಗಳಲ್ಲೊಂದಾಯಿತು. ಯುದ್ಧ ಮುಗಿದ ಮೇಲೆ ಪೆಟ್ರೋಲಿಯಂ ಮೇಣಗಳೂ ಕೃತಕ ಮೇಣಗಳೂ ಅದರ ಜಾಗವನ್ನು ಬಹುಮಟ್ಟಿಗೆ ಕಿತ್ತುಕೊಂಡವು. ಆದರೆ ತಿನ್ನುವ ವಸ್ತುವಿಗೂ ನುಂಗುವ ಗುಳಿಗೆಗೂ ಸಸ್ಯಮೂಲದ್ದೇ ಬೇಕೆಂಬ ಬೇಡಿಕೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು.

ಮೇಣ ತೆಗೆಯುವ ಕೆಲಸ ನಡೆಯುವುದು ವರ್ಷದ ಕೊನೆಯ ಒಣ ತಿಂಗಳುಗಳಲ್ಲಿ. ಹೊಲದಲ್ಲಿ ಆಗ ಯಾವ ಕೆಲಸವೂ ಇರುವುದಿಲ್ಲ. ಉದ್ದನೆಯ ಗಳುವಿನ ತುದಿಗೆ ಕುಡುಗೋಲು ಕಟ್ಟಿಕೊಂಡವನೊಬ್ಬ ಮರದ ಕೆಳಗೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಸೂರ್ಯನನ್ನೇ ನೋಡುತ್ತ ಎಲೆಗಳನ್ನು ಕೊಯ್ಯುತ್ತಾನೆ. ಮುಳ್ಳಿನ ತೊಟ್ಟಿನ ಎಲೆಗಳು ಮೇಲಿನಿಂದ ಬೀಳುವಾಗ ಅವನು ಸರಿದು ನಿಲ್ಲಬೇಕು. ಇನ್ನೊಬ್ಬ ತೊಟ್ಟು ಕತ್ತರಿಸಿ ಹೊರೆ ಕಟ್ಟುತ್ತಾನೆ, ಕತ್ತೆಗಳು ಹೊರುತ್ತವೆ. ಬಯಲಿನಲ್ಲಿ ಎಲೆಗಳನ್ನು ಹರವಿ ಕೆಲವು ದಿನ ಒಣಗಿಸಿದರೆ ಮೈಮೇಲಿನ ಮೇಣ ಪುಡಿಯಾಗಿ ಬಿಡಿಸಿಕೊಳ್ಳುತ್ತದೆ. ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ, ಗಾಳಿಯಾಡದ ಹೊತ್ತಿನಲ್ಲಿ, ಎಲೆಗಳನ್ನು ಬಡಿದು ಪುಡಿ ಉದುರಿಸುತ್ತಿದ್ದರು. ಗಾಳಿ ಬೀಸಿದರೆ ದುಡಿಮೆಯೇ ಹಾರಿಹೋಗುತ್ತಿತ್ತು. ಈಗ ಹೆಚ್ಚಿನ ಕಡೆ ಎಲೆಯನ್ನು ಕೊಚ್ಚಿ ಪುಡಿ ಬೇರ್ಪಡಿಸುವ ಯಂತ್ರ ಬಂದಿದೆ. ಸುಳಿಯ ಬಿಚ್ಚದ ಎಲೆಯ ಪುಡಿಯಿಂದ ತಿಳಿಹಳದಿಯ ಮೇಲ್ತರದ ಮೇಣ. ಬಿಚ್ಚಿದ ಎಲೆಯದರಿಂದ ಕಂದುಬಣ್ಣದ್ದು. ಒಂದು ಎಲೆಗೆ ದೊರೆಯುವುದು ಕೆಲವೇ ಗ್ರಾಮು. ಆದ್ದರಿಂದಲೇ ಕೂಲಿಯ ಲೆಕ್ಕ ಸಾವಿರ ಎಲೆಗೆ ಇಷ್ಟೆಂದು.

ಒಣಗಾಲದಲ್ಲಿ ಬೇರೆ ದುಡಿಮೆಯಿಲ್ಲದ ಬಡವನಿಗೆ ಈ ಕೊಯ್ಲು ದೇವರು ಕೊಟ್ಟ ಆಸರೆ ಎಂಬುದು ನಿಜ. ಬೇರೆ ಗತಿಯಿಲ್ಲವೆಂಬ ಕಾರಣಕ್ಕೇ ಅವನು ಕೇಳಿದ ಕೂಲಿ ಅವನಿಗೆ ಸಿಗುವುದಿಲ್ಲವೆಂಬುದೂ ಅಷ್ಟೇ ನಿಜ. ಮರಗಳು ಜಮೀನುದಾರನವು, ಅವನಿಂದ ಗುತ್ತಿಗೆ ಹಿಡಿದವನು ಬೇರೆ, ಕೂಲಿಯವನು ಅವನ ಮುಂಗಡದ ಹಂಗಿನಲ್ಲಿ. ಈ ಶತಮಾನದಲ್ಲಿ ಬ್ರೆಜಿಲ್ ಸರ್ಕಾರದ ಕಾರ್ಮಿಕ ತನಿಖೆದಾರರು ಪಿಯಾವಿ, ಸೆಯಾರಾಗಳ ಮೇಣದ ತೋಪುಗಳಲ್ಲಿ ಮರದಡಿ ಮಲಗಿ, ಶುದ್ಧವಲ್ಲದ ನೀರು ಕುಡಿದು ದುಡಿಯುತ್ತಿದ್ದ ಆಳುಗಳನ್ನು ಮತ್ತೆ ಮತ್ತೆ ಬಿಡಿಸಿ ತಂದಿದ್ದಾರೆ. ಆ ದೇಶದ ದಂಡಸಂಹಿತೆ ಅಂಥ ದುಡಿಮೆಯನ್ನು ಗುಲಾಮಗಿರಿಗೆ ಸಮಾನವಾದ ಸ್ಥಿತಿ ಎಂದು ಕರೆಯುತ್ತದೆ. 2017ರಲ್ಲಿ ಜರ್ಮನಿಯ ದೂರದರ್ಶನ ಚಿತ್ರವೊಂದು ಮಿಠಾಯಿಗಳ ಮಿರುಗಿನ ಹಿಂದೆ ಇಂಥ ತೋಪುಗಳಿರುವುದನ್ನು ತೋರಿಸಿದಾಗ ಯುರೋಪಿನ ಗ್ರಾಹಕರು ಬೆಚ್ಚಿದರು. ಬ್ರೆಜಿಲ್ಲಿನಲ್ಲೇ ಮೊದಲು ಗುಲಾಮಗಿರಿಯನ್ನು ತೊರೆದ ರಾಜ್ಯದ ನೆಲದಲ್ಲಿ, ಅದರ ಲಾಂಛನದಲ್ಲಿ ಸ್ಥಾನ ಪಡೆದ ಮರದ ಕೆಳಗೆ, ಆ ಮಾತನ್ನು ಮತ್ತೆ ಬಳಸಬೇಕಾಯಿತು.

ಮರಕ್ಕೂ ಅದರದೇ ಕಷ್ಟಗಳಿವೆ. ಹಣ್ಣಿನ ತೋಟ, ಸಿಗಡಿಯ ಹೊಂಡಗಳಿಗಾಗಿ ತೋಪುಗಳನ್ನು ಕಡಿದದ್ದುಂಟು. ಮಡಗಾಸ್ಕರಿನಿಂದ ಅಲಂಕಾರಕ್ಕೆಂದು ತಂದ ಹಾಲುಬಳ್ಳಿಯೊಂದು ಕಾಂಡವನ್ನು ತಬ್ಬಿ ಮೇಲೇರಿ, ಸುಳಿಯನ್ನು ಮುಚ್ಚಿ, ಬೆಳಕಿಲ್ಲದಂತೆ ಮಾಡಿ ಮರವನ್ನು ಕೊಲ್ಲುತ್ತಿದೆ. ಅಲ್ಲಿಯವರು ಅದನ್ನು ದೆವ್ವದ ಉಗುರು ಎಂದು ಕರೆಯುತ್ತಾರೆ. 2004ರಲ್ಲಿ ಸೆಯಾರಾ ಸರ್ಕಾರ ಕಾರ್ನೌಬಾವನ್ನು ರಾಜ್ಯದ ಸಂಕೇತವೃಕ್ಷವೆಂದು ಘೋಷಿಸಿ, ಅದನ್ನು ಕಡಿಯಲು ಕಟ್ಟುಪಾಡು ವಿಧಿಸಿತು.

ಮರ ತನ್ನ ಜೀವರಕ್ಷಣೆಗೆ ಮಾಡಿಕೊಂಡ ಹೊದಿಕೆಯನ್ನು ನಾವು ನಮ್ಮ ಅಲಂಕಾರಕ್ಕೆ ತೆಗೆದುಕೊಳ್ಳುತ್ತಿದ್ದೇವೆ. ಅದಕ್ಕೆ ಮರ ಸಾಯುವುದಿಲ್ಲ. ಬಲ್ಲ ಕೊಯ್ಲುಗಾರ ಸುಳಿಯಲ್ಲಿ ಕೆಲವು ಎಲೆಗಳನ್ನಾದರೂ ಬಿಟ್ಟೇ ಕೊಯ್ಯುತ್ತಾನೆ. ಮಳೆ ಬಂದಾಗ ಮರ ಮತ್ತೆ ತಲೆದುಂಬಿ ನಿಲ್ಲುತ್ತದೆ. ಮುಂದಿನ ವರ್ಷವೂ ಅದು ಬದುಕಬೇಕು, ತನಗೆ ಬೇಕಾದದ್ದನ್ನು ಅದಕ್ಕೆ ಉಳಿಸಿ ಮಿಕ್ಕದ್ದನ್ನು ಮಾತ್ರ ಪಡೆಯಬೇಕು ಎಂಬ ಈ ನಡವಳಿಕೆಯನ್ನು ಅವನಿಗೆ ಕಲಿಸಿದ್ದು ಬರಗಾಲ. ಆ ಕೊಯ್ಲುಗಾರನ ವಿಷಯದಲ್ಲಿ ಅದೇ ನಡವಳಿಕೆಯನ್ನು ಪಾಲಿಸಬೇಕಾದವರು ಜಮೀನುದಾರರು, ಗುತ್ತಿಗೆದಾರರು, ದೂರದ ಕಾರ್ಖಾನೆಗಳವರು. ಹೊಳೆಯುವ ಹಣ್ಣನ್ನೇ ಆರಿಸಿ ಬುಟ್ಟಿಗೆ ಹಾಕಿಕೊಳ್ಳುವ ನಾವೂ ಆ ಸಾಲಿನಿಂದ ಹೊರಗಿಲ್ಲ.